ಕಾನೂನಿನ ಪುಸ್ತಕ ಎಲ್ಲರಿಗೂ ತೆರೆದಾಗ

ಕಾನೂನು ಗೊತ್ತಿರಲಿಲ್ಲವೆಂದು ಹೇಳಿ ಯಾರೂ ತಪ್ಪಿನಿಂದ ಪಾರಾಗುವಂತಿಲ್ಲ. ನ್ಯಾಯಶಾಸ್ತ್ರದಲ್ಲಿ ಇದು ಬಹಳ ಹಳೆಯ ನಿಯಮ. ಹಾಗಾದರೆ ಆ ಕಾನೂನನ್ನು ನಾವು ಓದಬೇಕಾದುದು ಎಲ್ಲಿ? ತೀರ್ಪುಗಳ ದಪ್ಪ ಸಂಪುಟಗಳು ವಕೀಲರ ಕಪಾಟುಗಳಲ್ಲಿದ್ದವು. ಅವನ್ನು ಕೊಳ್ಳುವುದು ಸಾಮಾನ್ಯರಿಂದ ಆಗುವ ಮಾತಲ್ಲ. ಗಣಕಯಂತ್ರ ಬಂದ ಮೇಲೂ ಬಹುಕಾಲ ಹಣ ತೆತ್ತವರಿಗೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು.

ತೀರ್ಪು ಯಾರ ಸ್ವತ್ತು ಎಂಬ ಪ್ರಶ್ನೆ ಅಮೆರಿಕದಲ್ಲಿ 1834ರಷ್ಟು ಹಿಂದೆಯೇ ಎದ್ದಿತ್ತು. ನ್ಯಾಯಾಧೀಶರು ಬರೆದ ತೀರ್ಪಿನ ಮೇಲೆ ಅದನ್ನು ಅಚ್ಚು ಹಾಕಿಸುವವನಿಗೆ ಹಕ್ಕುಸ್ವಾಮ್ಯವಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಆದರೆ ಹಕ್ಕಿದ್ದರೆ ಸಾಲದು, ಕೈಗೆ ಸಿಗಬೇಕಲ್ಲ! 1992ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಥಾಮಸ್ ಬ್ರೂಸ್ ಮತ್ತು ಪೀಟರ್ ಮಾರ್ಟಿನ್ ಎಂಬವರು ಕಾನೂನನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಡುವ ಸಂಸ್ಥೆಯೊಂದನ್ನು ಆರಂಭಿಸಿದರು. ವಿಂಡೋಸ್ ಗಣಕಗಳಲ್ಲಿ ಜಾಲಪುಟ ನೋಡುವ ಸಾಧನ ಆಗ ಇರಲಿಲ್ಲ. ಬ್ರೂಸ್ ಅವರು 'ಸೆಲ್ಲೊ' ಎಂಬ ತಂತ್ರಾಂಶವನ್ನು 1993ರಲ್ಲಿ ತಾವೇ ಬರೆದರು. ಅಡುಗೆಗೆ ಹೊರಟವನು ಮೊದಲು ಒಲೆ ಹೂಡಿದಂತೆ!

1995ರಲ್ಲಿ ಸಿಡ್ನಿಯ ಎರಡು ವಿಶ್ವವಿದ್ಯಾನಿಲಯಗಳು ಸೇರಿ ಆಸ್ಟ್ರೇಲಿಯಾದಲ್ಲಿ ಇಂಥದೇ ಸಂಸ್ಥೆಯನ್ನು ಕಟ್ಟಿದುವು. ಕಾಯಿದೆಯ ಒಂದು ಕಲಮಿನಲ್ಲಿ ಇನ್ನೊಂದು ಕಲಮಿನ ಉಲ್ಲೇಖ ಬಂದರೆ, ಅದನ್ನು ಮುಟ್ಟಿದೊಡನೆ ಆ ಕಲಮು ತೆರೆಯಬೇಕು. ಇಂಥ ಲಕ್ಷಾಂತರ ಕೊಂಡಿಗಳನ್ನು ಕೈಯಿಂದ ಹಾಕಲಾದೀತೇ? ಗಣಕವೇ ಗುರುತಿಸಿ ಹಾಕುವಂತೆ ಅವರು ವ್ಯವಸ್ಥೆ ಮಾಡಿದರು. ಖರ್ಚು ಇಳಿದುದೇ ಹೀಗೆ. ಅವರ ನೆರವಿನಿಂದ ಶಾಂತಸಾಗರದ ಪುಟ್ಟ ದ್ವೀಪರಾಷ್ಟ್ರಗಳ ಕಾಯಿದೆ, ತೀರ್ಪುಗಳೂ ವನುವಾಟು ದೇಶದ ಪೋರ್ಟ್ ವಿಲಾದಲ್ಲಿ ಒಂದೆಡೆ ಸೇರಿದುವು. ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಇದೇ. ಅಷ್ಟು ಚಿಕ್ಕ ನಾಡಿನ ತೀರ್ಪುಗಳನ್ನು ಅಚ್ಚು ಹಾಕಿಸಿದರೆ ಕೊಳ್ಳುವವರೆಷ್ಟು ಮಂದಿ? ವ್ಯಾಪಾರಿಗಳು ಅತ್ತ ತಿರುಗಿಯೂ ನೋಡರು. ಬ್ರಿಟನ್, ಕೆನಡಾ ಮುಂತಾದ ದೇಶಗಳಲ್ಲೂ ಇಂಥ ಸಂಸ್ಥೆಗಳು ಹುಟ್ಟಿದುವು. 2002ರಲ್ಲಿ ಇವೆಲ್ಲ ಮಾಂಟ್ರಿಯಲ್ ನಗರದಲ್ಲಿ ಕೂಡಿ, ಸಾರ್ವಜನಿಕ ಕಾನೂನು ಮಾಹಿತಿ ಮನುಕುಲದ ಸಮಾನ ಸೊತ್ತೆಂದು ಘೋಷಿಸಿದುವು.

ನಮ್ಮ ದೇಶದಲ್ಲಿ 2008ರಲ್ಲಿ ಸುಶಾಂತ್ ಸಿನ್ಹಾ ಎಂಬ ಗಣಕತಜ್ಞರು 'ಇಂಡಿಯನ್ ಕಾನೂನ್' ತಾಣವನ್ನು ತೆರೆದರು. ಕೇಂದ್ರದ ಕಾಯಿದೆಗಳು 'ಇಂಡಿಯಾ ಕೋಡ್' ತಾಣದಲ್ಲಿವೆ. ಸುಪ್ರೀಂ ಕೋರ್ಟು 2023ರಲ್ಲಿ ತನ್ನ ವರದಿಗಳನ್ನು ಉಚಿತವಾಗಿ ತೆರೆದಿಟ್ಟಿತು.

ಇನ್ನು ಭಾಷೆಯ ವಿಷಯ. 348ನೆಯ ವಿಧಿಯಂತೆ ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷು. 2019ರಿಂದ ಕೆಲವು ತೀರ್ಪುಗಳ ಕನ್ನಡ ಅನುವಾದ ಬರುತ್ತಿದೆ. ಸಂದೇಹ ಬಂದರೆ ಇಂಗ್ಲಿಷ್ ಮೂಲವೇ ಪ್ರಮಾಣ. ಬಾಗಿಲು ತೆರೆದಿದ್ದರೂ ಹೊಸಿಲು ಎತ್ತರ.

ಕಾಸರಗೋಡಿನ ಮಕ್ಕಳಾದ ನೀವು ಮೊದಲು ಓದಬೇಕಾದುದು ಸಂವಿಧಾನದ ಎರಡು ವಿಧಿಗಳನ್ನು. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಧಿಕಾರಿಗೆ ಕೊಡಬಹುದೆನ್ನುತ್ತದೆ 350ನೆಯ ವಿಧಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯವು ಯತ್ನಿಸಬೇಕೆನ್ನುತ್ತದೆ 350ಎ ವಿಧಿ. ಈ ಎರಡನೆಯದು ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷದಲ್ಲೇ. ವಿಲೇಜ್ ಆಫೀಸಿಗೆ ಮನೆಯವರು ಕನ್ನಡದಲ್ಲಿ ಮನವಿ ಬರೆಯಲು ಅಳುಕಿದರೆ, 350ನೆಯ ವಿಧಿಯನ್ನು ಅವರಿಗೆ ಓದಿ ಹೇಳಿರಿ. ಯಾವ ಕಾಯಿದೆಯನ್ನು ತೆರೆದರೂ ಅದಕ್ಕೆ ಕೊನೆಯ ತಿದ್ದುಪಡಿ ಯಾವ ವರ್ಷದ್ದೆಂದು ನೋಡಿಕೊಂಡೇ ಮುಂದುವರಿಯಿರಿ.