ಬದುವಿನಾಚೆಯ ಟೊಮೆಟೊ

ಜಪಾನಿಗೆ ಮಾವು ಕಳಿಸೋದು ಹೇಗೆ ಅಂತ ಕೇಳಿ ಫೋನ್ ಮಾಡುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಮುಳಬಾಗಿಲಿನವರು, ಶ್ರೀನಿವಾಸಪುರದವರು, ಚಿಂತಾಮಣಿ ಕಡೆಯವರು. ಎಷ್ಟು ಬಗ್ಗಿ ನಮಸ್ಕಾರ ಮಾಡಬೇಕು, ವಿಸಿಟಿಂಗ್ ಕಾರ್ಡು ಎರಡು ಕೈಯಲ್ಲಿ ಕೊಡಬೇಕಂತೆ ನಿಜವಾ, ಏನಾದರೂ ಉಡುಗೊರೆ ಕೊಡಬೇಕಾ ಅಂತ ಕೇಳುತ್ತಾರೆ. ಇದನ್ನೆಲ್ಲ ನಾನೂ ಯೂಟ್ಯೂಬಿನಲ್ಲಿ ನೋಡಿ ಕಲಿತಿದ್ದವನೇ. ಟೋಕಿಯೊದ ಖರೀದಿದಾರರು ಕ್ಯಾಲನೂರಿನ ನಮ್ಮ ಮನೆ ಮುಂದೆ ಕಾರಿಳಿದಾಗ ಕಾರ್ಡನ್ನು ಎರಡು ಕೈಯಲ್ಲೇ ಕೊಟ್ಟೆ. ಅವರು ಓದಿದರು, ಜೋಪಾನವಾಗಿ ಎತ್ತಿಟ್ಟುಕೊಂಡರು. ಆಮೇಲೆ ದುಭಾಷಿ ಹುಡುಗಿಯ ಮೂಲಕ ಕೇಳಿದ್ದು, "ತೋಟದ ನಕ್ಷೆ ಇದೆಯಾ?"

ಇತ್ತು. ತೋಟ ಶ್ರೀನಿವಾಸಪುರದ ಕಡೆ, ನನ್ನ ಹೆಂಡತಿಯ ತವರಿನದು. ಪಹಣಿ, ಸರ್ವೆ ಸ್ಕೆಚ್ಚು ಎಲ್ಲ ಮುಂದಿಟ್ಟೆ. ಅವರು ಸ್ಕೆಚ್ಚಿನ ಗೆರೆಯ ಆಚೆ ಬೆರಳಿಟ್ಟು, ಇಲ್ಲಿ ಯಾರು, ಏನು ಬೆಳೆಯುತ್ತಾರೆ ಅಂದರು. ನನ್ನ ಬಾಮೈದ ನಕ್ಕ. "ಪಕ್ಕದ ಹೊಲ ಕಟ್ಕೊಂಡು ಇವರಿಗೇನಾಗ್ಬೇಕು ಭಾವ?"

ಹಿನ್ನೆಲೆ ನಿಮಗೆ ಗೊತ್ತಿರುವುದೇ. ನಾವು ಊಜಿ ಅನ್ನುತ್ತೇವಲ್ಲ, ಆ ಹಣ್ಣಿನ ನೊಣಕ್ಕೆ ಹೆದರಿ ಜಪಾನ್ 1986ರಿಂದ ನಮ್ಮ ಮಾವನ್ನು ತಡೆದಿತ್ತು. ಬಿಟ್ಟದ್ದು 2006ರಲ್ಲಿ, ಅದೂ ಆರೇ ತಳಿಗೆ. ನಮ್ಮಲ್ಲಿ ಬೆಳೆಯುವ ಬಾದಾಮಿ, ಬೇನಿಷಾ, ಮಲ್ಲಿಕಾ ಅದರಲ್ಲಿವೆ. ಟನ್ನುಗಟ್ಟಲೆ ಬೆಳೆದು ಪಲ್ಪ್ ಫ್ಯಾಕ್ಟರಿ ಗೇಟಿನಲ್ಲಿ ಕಾಯುವ ತೋತಾಪುರಿ ಇಲ್ಲ. ಹಣ್ಣನ್ನು ಹಬೆಯ ಕೋಣೆಯಲ್ಲಿಟ್ಟು, ತಿರುಳಿನ ನಡುಮಧ್ಯದ ಬಿಸಿ 47.5 ಡಿಗ್ರಿಗೆ ಬಂದು 20 ನಿಮಿಷ ನಿಲ್ಲಬೇಕು. ಇದಕ್ಕೆ ಜಪಾನಿನ ಕ್ವಾರಂಟೈನ್ ಅಧಿಕಾರಿಯ ಒಪ್ಪಿಗೆ ಬೇಕು.

ನಮ್ಮ ಅಧಿಕಾರಿಯೊಬ್ಬರು, ಹೆಸರು ಬೇಡ, ಇಲಾಖೆಯೂ ಬೇಡ, "ಮಾಲೂರಲ್ಲಿ ವಿಕಿರಣ ಘಟಕ ಇದೆಯಲ್ರೀ, ಅಲ್ಲಿ ಮಾಡಿಸಿ ಕಳ್ಸಿ" ಅಂದುಬಿಟ್ಟರು. ಅವರ ಮಾತು ನಂಬಿ ಮಾಲೂರಿಗೆ ಅಲೆದೆ. ಗಾಮಾ ಕಿರಣ ಹಾಯಿಸಿದ ಹಣ್ಣು ನಡೆಯುವುದು ಅಮೆರಿಕದಲ್ಲಿ. ಜಪಾನ್ ತನ್ನ ನೆಲದಲ್ಲಿ ಕಿರಣಕ್ಕೆ ಒಪ್ಪಿಗೆ ಕೊಟ್ಟದ್ದು ಆಲೂಗಡ್ಡೆಗೆ ಮಾತ್ರ, ಮೊಳಕೆ ಬಾರದಿರಲಿ ಅಂತ. ಮಾವಿಗೆ ಹಬೆಯೇ ಆಗಬೇಕು. ನನ್ನ ಜೊತೆ ಕೈಜೋಡಿಸಿದ ರಫ್ತುದಾರ ಮುಂಬೈಯವನಾದ್ದರಿಂದ ನವಿ ಮುಂಬೈನ ವಾಶಿಗೇ ಹೋಗಬೇಕು, ಸಾವಿರ ಕಿಲೋಮೀಟರ್ ಮೇಲೆ. ಇದನ್ನು ಮೊದಲೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಆದರೆ ನನ್ನನ್ನು ಕೆಡವಿದ್ದು ದೂರವೂ ಅಲ್ಲ, ಹಬೆಯೂ ಅಲ್ಲ. 2023ರ ಮೇ ತಿಂಗಳು. ಬೇನಿಷಾ ಬಲಿತಿತ್ತು. ಕೊಯ್ಯುವವರಿಗೆ ಮುಂಗಡ ಕೊಟ್ಟಾಗಿತ್ತು, ರಟ್ಟಿನ ಪೆಟ್ಟಿಗೆ ಬಂದಿದ್ದವು, ಎಸಿ ಲಾರಿ ಗೊತ್ತಾಗಿತ್ತು. ಶ್ರೀನಿವಾಸಪುರದ ಮಂಡಿಯೊಂದರಲ್ಲಿ ಕೂತಿದ್ದಾಗ ಬೆಂಗಳೂರಿನ ಲ್ಯಾಬಿನ ರಿಪೋರ್ಟು ಫೋನಿಗೆ ಬಂತು. ಸಾಲು ಸಾಲಾಗಿ ಔಷಧಿಯ ಹೆಸರು, ಎಲ್ಲದರ ಮುಂದೆ 'ಪತ್ತೆಯಾಗಿಲ್ಲ'. ಕೊನೆಯ ಪುಟದಲ್ಲಿ ಒಂದೇ ಒಂದರ ಮುಂದೆ 0.03. ಅಷ್ಟೇನಾ ಅನ್ನಬಹುದು ನೀವು. ಪ್ರತ್ಯೇಕ ಮಿತಿ ಗೊತ್ತು ಮಾಡದ ಯಾವ ಕೀಟನಾಶಕವೂ 0.01 ಪಿಪಿಎಂ ದಾಟಬಾರದು ಅನ್ನುವುದು 2006ರ ಮೇ ತಿಂಗಳಿಂದ ಅಲ್ಲಿನ ಕಾನೂನು. ಲೆಕ್ಕ ಹಾಕಿದರೆ ನೂರು ಟನ್ ಹಣ್ಣಿನಲ್ಲಿ ಒಂದು ಗ್ರಾಂ.

ಆ ಔಷಧಿಯನ್ನು ನಾನು ಹೊಡೆದೇ ಇರಲಿಲ್ಲ. ಸಿಂಪಡಣೆಯ ಡೈರಿಯಲ್ಲಿ ಇರಲಿಲ್ಲ, ಬಿಲ್ಲುಗಳಲ್ಲೂ ಇರಲಿಲ್ಲ. ಗೊಬ್ಬರದಂಗಡಿಯವನಿಗೆ ಹೆಸರು ತೋರಿಸಿದೆ. "ಇದು ಟೊಮೆಟೊಗೆ ಹೊಡೆಯೋದಲ್ವಾ ಅಣ್ಣ" ಅಂದ. ಅಲ್ಲಿಂದ ನೇರ ತೋಟಕ್ಕೆ ಹೋದೆ. ಮೂಡಣ ಬದುವಿನಾಚೆ, ಟೋಕಿಯೊದವರು ಸ್ಕೆಚ್ಚಿನಲ್ಲಿ ಬೆರಳಿಟ್ಟಿದ್ದ ಜಾಗದಲ್ಲೇ, ಕಡ್ಡಿ ನಿಲ್ಲಿಸಿ ದಾರ ಕಟ್ಟಿದ ಟೊಮೆಟೊ. ಪಕ್ಕದವರ ಹೊಲ, ಗುತ್ತಿಗೆಗೆ ಮಾಡಿದವನು ನನ್ನ ಬಾಮೈದ. ಪವರ್ ಸ್ಪ್ರೇಯರಿನಲ್ಲಿ ಹೊಡೆದಿದ್ದ. ಗಾಳಿ ಯಾವ ಕಡೆಗಿತ್ತು ಅಂದರೆ, "ಯಾರು ನೋಡಿದ್ರು ಭಾವ? ನಾನು ಹೊಡೆದಿದ್ದು ಟೊಮೆಟೊಗೆ, ಮಾವಿಗಲ್ಲ."

ಅಲ್ಲಿಗೆ ನಿಲ್ಲಲಿಲ್ಲ. "ಬೇರೆ ತೋಟದ ಕಾಯಿ ಕೊಟ್ಟು ಇನ್ನೊಂದು ರಿಪೋರ್ಟ್ ತಂದ್ರೆ ಮುಗೀತಲ್ಲ." ರಫ್ತುದಾರನ ಏಜೆಂಟ್ ಕೂಡ ಫೋನಿನಲ್ಲಿ ಅದನ್ನೇ ಹೇಳಿದ. ಅವನಿಗೆ ಗೊತ್ತಿಲ್ಲದ್ದೇನಲ್ಲ: ಅಲ್ಲಿನ ಬಂದರಿನಲ್ಲಿ ಮತ್ತೆ ಪರೀಕ್ಷೆಯಾಗಿ ಸಿಕ್ಕಿಬಿದ್ದರೆ ಆ ಸರಕು ಹೋಗುತ್ತದೆ, ಅದರ ಹಿಂದೆ ಬರುವ ಭಾರತದ ಮಾವಿಗೆಲ್ಲ ತಪಾಸಣೆ ಬಿಗಿಯಾಗುತ್ತದೆ. ರತ್ನಗಿರಿಯ ಯಾವನೋ ರೈತ ನನ್ನ ಬಾಮೈದನ ಟೊಮೆಟೊಗೆ ದಂಡ ತೆರಬೇಕು.

ಸಂಜೆ ಟೋಕಿಯೊಗೆ ವಿಡಿಯೊ ಕಾಲ್ ಮಾಡಿದೆ. ರಿಪೋರ್ಟು ತೋರಿಸಿದೆ, ಟೊಮೆಟೊ ವಿಷಯವನ್ನೂ ಹೇಳಿದೆ. ಆ ಕಡೆಯವರು ಮಾತಾಡಲಿಲ್ಲ. ಲೈನ್ ಕಟ್ಟಾಯಿತೇನೋ ಅಂತ ಫೋನ್ ಅಲುಗಾಡಿಸಿದೆ. ಅವರ ಕಣ್ಣೆವೆ ಆಡುತ್ತಿತ್ತು. ಬಾಮೈದ ಪಕ್ಕದಲ್ಲಿ ನಿಂತು ಇಡು ಇಡು ಅಂತ ಕೈಸನ್ನೆ ಮಾಡುತ್ತಿದ್ದ. ನಮ್ಮ ಮಂಡಿಯಲ್ಲಾದರೆ ಇಷ್ಟು ಹೊತ್ತಿಗೆ ಜಗಳ ಶುರುವಾಗಿ, ಜಗಳದ ಕೊನೆಗೆ ಒಂದು ರೇಟು ಹುಟ್ಟಿರುತ್ತಿತ್ತು. ಮಚ್ಚೆಯ ಕಾಯಿಗೆ ಒಂದು ಬೆಲೆ, ಪೆಟ್ಟು ತಿಂದದ್ದಕ್ಕೆ ಒಂದು ಬೆಲೆ, ಸೂಟು ಅಂತ ಒಂದಿಷ್ಟು ತೂಕ ಕಡಿತ. ಬೆಲೆಯೇ ಇಲ್ಲದ ಹಣ್ಣು ನಮ್ಮಲ್ಲಿಲ್ಲ. ನಾನೂ ತಡೆಯಲಾರದೆ, ರೇಟಿನಲ್ಲಿ ಸ್ವಲ್ಪ ಇಳಿಸಲಾ ಅಂತ ಕೇಳಿದೆ. ದುಭಾಷಿ ಹುಡುಗಿ ಅದನ್ನು ದಾಟಿಸಲೋ ಬೇಡವೋ ಅಂತ ಒಂದು ಕ್ಷಣ ನೋಡಿದಳು. ದಾಟಿಸಿದ ಮೇಲೂ ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಕೇಳಿದ್ದು ಸಿಂಪಡಿಸಿದ ತಾರೀಕು, ಬದುವಿನಿಂದ ಮೊದಲ ಮರಕ್ಕೆ ಎಷ್ಟು ದೂರ, ಅಷ್ಟೇ. ಬರೆದುಕೊಂಡರು. ಈ ಸಲ ಬೇಡ ಅಂದರು.

ಆ ಬೇನಿಷಾ ಮಂಡಿ ರೇಟಿಗೆ ಹೋಯಿತು. ಪೆಟ್ಟಿಗೆಗಳು ಇನ್ನೂ ಅಟ್ಟದ ಮೇಲಿವೆ. ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದ್ದು ನಿಮಗೆಲ್ಲ ನೆನಪಿರುತ್ತದೆ. ಬಾಮೈದ ಕಾರು ತಗೊಂಡ. ಮದುವೆ ಮುಂಜಿಯಲ್ಲಿ ಸಿಕ್ಕಾಗ "ಜಪಾನ್ ಭಾವ ಬಂದ್ರು" ಅಂತಾನೆ.

ಫೋನ್ ಮಾಡುವವರಿಗೆ ನಾನು ಹೇಳುವುದು ಹೆಚ್ಚೇನಿಲ್ಲ. ಡೈರಿಯನ್ನು ಕನ್ನಡದಲ್ಲೇ ಬರೆಯಿರಿ, ಆದರೆ ಹೊಡೆದ ದಿನವೇ ಬರೆಯಿರಿ. ಆಗುತ್ತೆ ಸಾರ್, ಅಡ್ಜಸ್ಟ್ ಮಾಡೋಣ ಅನ್ನುವ ನೆಂಟರನ್ನು ಮಾತುಕತೆಗೆ ಕೂರಿಸಬೇಡಿ. ವಾಟ್ಸ್‌ಆ್ಯಪಿನಲ್ಲಿ ಬರುವ ಮಿಯಾಜಾಕಿ ಮಾವಿನ ಬೆಲೆ ನೋಡಿ ಲೆಕ್ಕ ಹಾಕಬೇಡಿ. 2019ರಲ್ಲಿ ಜೋಡಿ ಹಣ್ಣು ಐದು ಲಕ್ಷ ಯೆನ್‌ಗೆ ಹೋದದ್ದು ನಿಜ, ಅದು ಹಂಗಾಮಿನ ಮೊದಲ ಹರಾಜಿನ ಜಂಬ. ಒಂದೊಂದೂ 350 ಗ್ರಾಂಗೆ ಕಮ್ಮಿಯಿಲ್ಲದ, ಸಕ್ಕರೆ ಅಂಶ ಅಳೆದು ಆರಿಸಿದ ಅವರದೇ ಹಣ್ಣದು. ನಮ್ಮದು ಬೇರೆ ಸಾಲಿನ ವ್ಯಾಪಾರ.

ಮಳೆಗಾಲ ಕಳೆದ ಮೇಲೆ ಟೋಕಿಯೊದಿಂದ ಒಂದು ಇಮೇಲ್ ಬಂತು. ಹೋದ ಸಲದ ನಕ್ಷೆಯನ್ನೇ ಕಳಿಸಿ, ಬದುವಿನಾಚೆಯ ಜಾಗಗಳನ್ನು ತುಂಬಿ ವಾಪಸ್ ಕಳಿಸಿ ಅಂದಿದ್ದರು. ಆ ಟೊಮೆಟೊ ಹೊಲವನ್ನು ಬಾಮೈದ ಕೊಡುತ್ತಿದ್ದುದಕ್ಕಿಂತ ಹೆಚ್ಚು ಕೊಟ್ಟು ನಾನೇ ಗುತ್ತಿಗೆಗೆ ಹಿಡಿದು, ರಾಗಿ ಅಂತ ಬರೆದೆ. ಆ ದುಡ್ಡನ್ನೂ ಹಣ್ಣಿನ ಖರ್ಚಿಗೆ ಸೇರಿಸಿಯೇ ರೇಟು ಹೇಳಿದೆ. ಅವರು ಚೌಕಾಸಿ ಮಾಡಲಿಲ್ಲ. ಗುತ್ತಿಗೆ ಪತ್ರದ ಒಂದು ಪ್ರತಿ ಕಳಿಸಿ ಅಂದರು.