ಓದುವವರು ಸಾಲಿನಲ್ಲಿ ನಿಲ್ಲಬೇಕೆ?

ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆಂದು ಒಂದು ಪ್ರೋಗ್ರಾಂ ಬರೆದೆ. ಅದರಲ್ಲಿ ಹಲವು ಥ್ರೆಡ್‌ಗಳು ಒಂದೇ ಫೋಲ್ಡರಿನಲ್ಲಿ ಫೈಲು ಸೃಷ್ಟಿಸಿ ಅಳಿಸುತ್ತಿರುತ್ತವೆ. ನಾಲ್ಕು ಥ್ರೆಡ್‌ವರೆಗೆ ವೇಗ ತುಸು ಏರಿತು, ಹದಿನಾರು ಮಾಡಿದಾಗ ಇಳಿಯಿತು. ಡಿಸ್ಕಿಗೆ ಕೆಲಸವೇ ಇರಲಿಲ್ಲ. ನಮ್ಮ ಸರ್ ‘ಲಾಕ್ ಕಂಟೆನ್ಷನ್’ ಅಂದರು. ಕರ್ನಲ್ ಬರೆಯುವವರು ಇದನ್ನು ಹೇಗೆ ಕಡಿಮೆ ಮಾಡುತ್ತಾರೆ?

ಉತ್ತರ: ನಿಮ್ಮ ಸರ್ ಹೇಳಿದ್ದು ಖರೆ. ಡಿಸ್ಕ್ ಸುಮ್ಮನೆ ಕೂತಿದ್ದನ್ನು ನೀವು ಗಮನಿಸಿದ್ದೇ ಅರ್ಧ ಉತ್ತರ. ಬಹಳ ಮಂದಿ ಅದನ್ನು ನೋಡದೆ ಹೊಸ ಡಿಸ್ಕ್ ತರಿಸಲು ಹೊರಡುತ್ತಾರೆ.

ಲಿನಕ್ಸ್‌ನಲ್ಲಿ ಪ್ರತಿ ಫೋಲ್ಡರಿಗೂ ಒಂದು ಬೀಗ, ಅಂದರೆ ಲಾಕ್, ಇದೆ. ಹೊಸ ಹೆಸರು ಸೇರಿಸುವವರೂ ಇದ್ದ ಹೆಸರು ಅಳಿಸುವವರೂ ಅದನ್ನು ಹಿಡಿಯಬೇಕು, ಒಂದು ಸಲಕ್ಕೆ ಒಬ್ಬರೇ. ಥ್ರೆಡ್ ಹದಿನಾರಿದ್ದರೂ ಬಾಗಿಲು ಒಂದೇ. ಅಷ್ಟೇ ಆಗಿದ್ದರೆ ವೇಗ ಏರದೆ ನಿಲ್ಲುತ್ತಿತ್ತು, ಇಳಿಯುತ್ತಿರಲಿಲ್ಲ. ಇಳಿದದ್ದೇಕೆಂದರೆ ಬೀಗ ಅನ್ನುವುದೂ ಮೆಮೊರಿಯ ಒಂದು ತುಣುಕು. ಅದನ್ನು ಬದಲಿಸಬೇಕಾದ ಕೋರ್ ಆ ತುಣುಕನ್ನು ತನ್ನ ಕ್ಯಾಶ್‌ಗೆ ಎಳೆದುಕೊಳ್ಳಬೇಕು. ಆ ಕ್ಷಣಕ್ಕೆ ಉಳಿದ ಕೋರ್‌ಗಳ ಬಳಿ ಇದ್ದ ನಕಲು ಕೆಲಸಕ್ಕೆ ಬಾರದಂತಾಗುತ್ತದೆ. ಎಲ್ಲರೂ ಹೀಗೆ ಎಳೆದಾಡಿದರೆ ಎಳೆದಾಟದಲ್ಲೇ ಹೊತ್ತು ಹೋಗುತ್ತದೆ.

ಸಾಲು ಎಷ್ಟು ದುಬಾರಿ ಎಂಬುದನ್ನು ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದರು. ಕೆಲಸದ ನೂರು ಪಾಲಿನಲ್ಲಿ 5 ಪಾಲು ಮಾತ್ರ ಒಬ್ಬೊಬ್ಬರಾಗಿ ಮಾಡಬೇಕಾದದ್ದು ಅಂದುಕೊಳ್ಳಿ. ಆಗಲೂ 16 ಕೋರ್‌ಗಳಿಂದ ಸಿಗುವುದು ಸುಮಾರು 9 ಪಟ್ಟು ವೇಗ. ಎಷ್ಟು ಕೋರ್ ಸುರಿದರೂ 20 ಪಟ್ಟು ದಾಟುವುದಿಲ್ಲ.

ಮೊದಲ ಮದ್ದು ಎಲ್ಲರಿಗೂ ಹೊಳೆಯುವಂಥದು: ದೊಡ್ಡ ಬೀಗವನ್ನು ಒಡೆದು ಸಣ್ಣ ಬೀಗಗಳನ್ನು ಮಾಡುವುದು. 1996ರ ಲಿನಕ್ಸ್ 2.0ರಲ್ಲಿ ಇಡೀ ಕರ್ನಲ್‌ಗೆ ಒಂದೇ ಬೀಗ ಇತ್ತು, ಅದನ್ನು ‘ಬಿಗ್ ಕರ್ನಲ್ ಲಾಕ್’ ಎನ್ನುತ್ತಿದ್ದರು. ಅದರ ಕೊನೆಯ ಚೂರು ಹೋದದ್ದು 2011ರ 2.6.39ರಲ್ಲಿ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಡಿಸ್ಕನ್ನೇ ಹಲವು ವಿಭಾಗ ಮಾಡಿ ಒಂದೊಂದಕ್ಕೂ ಬೇರೆ ಬೀಗ ಇಡುತ್ತದೆ. ಇವೆಲ್ಲ ಬೇಕಾದವೇ. ಆದರೆ ಎಲ್ಲರೂ ಒಂದೇ ವಸ್ತುವನ್ನು ನೋಡಬೇಕಾದಾಗ ಬೀಗ ಒಡೆದು ಏನೂ ಸಿಗುವುದಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಬರೀ ನೋಡಿ ಹೋಗುವವನು ಬೀಗ ಹಿಡಿಯುವುದಾದರೂ ಏಕೆ?

ಈ ಪ್ರಶ್ನೆಗೆ ಫೈಲ್ ಸಿಸ್ಟಮ್‌ನಲ್ಲಿ ಉತ್ತರ ಕೊಟ್ಟವರಲ್ಲಿ ಇಬ್ಬರು, ನಿಮ್ಮೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಇಳಿಯುವ ಊರಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಬೆಂಗಳೂರಿನ ಐಬಿಎಂನಲ್ಲಿ ಲಿನಕ್ಸ್ ಕೆಲಸ ಮಾಡುತ್ತಿದ್ದ ದೀಪಂಕರ್ ಸರ್ಮಾ ಮತ್ತು ಮನೀಶ್ ಸೋನಿ ಅವರು. ಕರ್ನಲ್ ಎಂದರೆ ದೂರದೇಶದವರು ಮಾಡುವ ಕೆಲಸ ಎಂದುಕೊಳ್ಳುವ ವಿದ್ಯಾರ್ಥಿಗಳಿಗೆ ನಾನು ಈ ಹೆಸರುಗಳನ್ನು ಬೇಕೆಂದೇ ಹೇಳುತ್ತೇನೆ.

ಅವರ ಮುಂದಿದ್ದದ್ದು ಡಿ-ಕ್ಯಾಶ್. ನೀವು ‘ಹೋಮ್’ ಒಳಗಿನ ‘ಲ್ಯಾಬ್’ ಒಳಗಿನ ಒಂದು ಫೈಲು ಕೇಳಿದರೆ ಕರ್ನಲ್ ಆ ದಾರಿಯ ಒಂದೊಂದು ಹೆಸರನ್ನೂ ಹುಡುಕುತ್ತಾ ನಡೆಯಬೇಕು. ಪ್ರತಿ ಸಲ ಡಿಸ್ಕಿಗೆ ಹೋಗುವುದು ಬೇಡವೆಂದು ಸಿಕ್ಕ ಹೆಸರುಗಳನ್ನು ಮೆಮೊರಿಯ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಆ ಪಟ್ಟಿಯೇ ಡಿ-ಕ್ಯಾಶ್. ಆಗ ಇಡೀ ಪಟ್ಟಿಗೆ ಒಂದೇ ಬೀಗ ಇತ್ತು, ದಾರಿಯ ಒಂದೊಂದು ಮೆಟ್ಟಿಲಿಗೂ ಅದನ್ನು ಹಿಡಿದು ಬಿಡಬೇಕಿತ್ತು. ಲಿನಕ್ಸ್ 2.5.10ರಲ್ಲಿ ಒಂದು ಉಪಾಯ ಬಂತು. ಒಮ್ಮೆ ಹಿಡಿದ ಬೀಗವನ್ನು ಬಿಡದೆ ಸಾಧ್ಯವಾದಷ್ಟು ಮೆಟ್ಟಿಲು ಏರಿಬಿಡುವುದು. ಹಿಡಿಯುವ ಸರದಿ ಕಡಿಮೆಯಾಯಿತು, ಹಿಡಿದುಕೊಂಡಿರುವ ಹೊತ್ತು ಬೆಳೆಯಿತು. ದೊಡ್ಡ ಯಂತ್ರಗಳಲ್ಲಿ ಅದೇ ಹೊಸ ತೊಡಕು. ನಿಮ್ಮ ಪ್ರಾಜೆಕ್ಟಿನಲ್ಲಿ ಇದನ್ನು ಅವಶ್ಯ ಬರೆಯಿರಿ, ಸೋತ ಪ್ರಯತ್ನಗಳು ಕಲಿಸುವಷ್ಟು ಗೆದ್ದವು ಕಲಿಸುವುದಿಲ್ಲ.

2.5.62ರಿಂದ ಹುಡುಕುವವರಿಗೆ ಬೀಗವೇ ಬೇಡವಾಯಿತು. ಬಳಸಿದ ತಂತ್ರ ‘ರೀಡ್-ಕಾಪಿ-ಅಪ್‌ಡೇಟ್’, ಎಲ್ಲರ ಬಾಯಲ್ಲಿ ಆರ್‌ಸಿಯು. ಅದರ ಮೂಲ ಸೀಕ್ವೆಂಟ್ ಕಂಪನಿಯಲ್ಲಿ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ಮಾಡಿದ ಕೆಲಸ. 1999ರಲ್ಲಿ ಐಬಿಎಂ ಸೀಕ್ವೆಂಟನ್ನು ಕೊಂಡಿತು, 2002ರಲ್ಲಿ ಆರ್‌ಸಿಯು ಲಿನಕ್ಸ್ ಸೇರಿತು.

ಅದು ಹೇಗೆ ನಡೆಯುತ್ತದೆಂದು ತಿಳಿಯಲು ನಿಮ್ಮೂರಿನ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಬನ್ನಿ. ಗೋಡೆಗೆ ಬಸ್ಸುಗಳ ವೇಳಾಪಟ್ಟಿ ಅಂಟಿಸಿದೆ ಅಂದುಕೊಳ್ಳಿ. ಅದನ್ನು ಬದಲಿಸಬೇಕು, ಆದರೆ ಓದುತ್ತಿರುವವರನ್ನು ಸರಿಸಬಾರದು. ಸಿಬ್ಬಂದಿ ಪಕ್ಕದಲ್ಲಿ ಹೊಸ ಹಾಳೆ ಅಂಟಿಸಿ, ಒಳಗೆ ಬರುವವರನ್ನು ಅದರ ಕಡೆಗೆ ಕಳಿಸುತ್ತಾರೆ. ಹಳೆಯ ಹಾಳೆಯನ್ನು ಹರಿಯುವುದಿಲ್ಲ, ಅದರ ಮುಂದೆ ಆಗಲೇ ನಿಂತವರು ಓದಿ ಮುಗಿಸಲಿ. ಅವರು ಮುಗಿಸಿದ್ದು ಗೊತ್ತಾಗುವುದು ಹೇಗೆ? ಯಾರನ್ನೂ ಎಣಿಸುವುದು ಬೇಡ, ಯಾರ ಸಹಿಯೂ ಬೇಡ. ಬಸ್ ಹತ್ತಿದವರು ಗೋಡೆಯ ಹಾಳೆ ಓದಲಾರರು. ಆದ್ದರಿಂದ ನಿಂತಿದ್ದವರೆಲ್ಲ ಬಸ್ ಹತ್ತಿ ಹೋದ ಮೇಲೆ ಹಳೆಯ ಹಾಳೆಯನ್ನು ನಿಶ್ಚಿಂತೆಯಿಂದ ಕಿತ್ತು ಬಿಸಾಡಬಹುದು. ಕರ್ನಲ್‌ನಲ್ಲಿ ಬಸ್ ಹೊರಡುವುದೆಂದರೆ ಕೋರ್ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೊರಳುವುದು. ಪಟ್ಟಿ ಓದುತ್ತಿರುವಾಗ ನಿದ್ದೆ ಹೋಗಬಾರದು ಎಂಬುದು ಅಲ್ಲಿಯ ಕಟ್ಟುಪಾಡು. ಹಾಗಾಗಿ ಎಲ್ಲ ಕೋರ್‌ಗಳೂ ಒಮ್ಮೆ ಹೊರಳಿದವೆಂದರೆ ಹಳೆಯ ಓದುಗರು ಯಾರೂ ಉಳಿದಿಲ್ಲ.

ಬಹುತೇಕ ವಿವರಣೆಗಳು ಇಲ್ಲಿಗೆ ನಿಲ್ಲುತ್ತವೆ. ನಿಜವಾದ ಕಷ್ಟ ಶುರುವಾಗುವುದು ಇಲ್ಲಿಂದಲೇ. ಡಿ-ಕ್ಯಾಶ್‌ನ ನಮೂದುಗಳು ಹಲವು ಸರಪಳಿಗಳಲ್ಲಿ ಇರುತ್ತವೆ. ಫೈಲಿನ ಹೆಸರು ಬದಲಾದರೆ ಅದರ ನಮೂದು ಒಂದು ಸರಪಳಿಯಿಂದ ಕಳಚಿ ಇನ್ನೊಂದು ಸರಪಳಿಗೆ ಸೇರುತ್ತದೆ. ಅದೇ ಹೊತ್ತಿಗೆ ಬೀಗವಿಲ್ಲದೆ ನಡೆಯುತ್ತಿದ್ದ ಓದುಗ ಅದರ ಮೇಲೆ ಕಾಲಿಟ್ಟಿದ್ದರೆ ಅವನೂ ಅರಿವಿಲ್ಲದೆ ಬೇರೆ ಸರಪಳಿಗೆ ದಾಟಿ, ಇರುವ ಫೈಲನ್ನು ‘ಇಲ್ಲ’ ಎನ್ನಬಹುದು. ಇದಕ್ಕೆಂದು ಒಂದು ಎಣಿಕೆ ಇಟ್ಟರು. ಹೆಸರು ಬದಲಿಸುವವರು ಅದನ್ನು ಏರಿಸುತ್ತಾರೆ. ಓದುಗ ಹೊರಡುವಾಗ ಒಮ್ಮೆ, ಸಿಗದೆ ಮರಳುವಾಗ ಒಮ್ಮೆ ಅದನ್ನು ನೋಡುತ್ತಾನೆ. ಅಂಕಿ ಬೇರೆಯಾಗಿದ್ದರೆ ಮತ್ತೆ ಹುಡುಕುತ್ತಾನೆ. ಹೆಸರು ಬದಲಿಸುವುದು ಅಪರೂಪ, ಹುಡುಕುವುದು ನಿರಂತರ. ಅಪರೂಪದ ಕೆಲಸಕ್ಕೆ ಹೆಚ್ಚು ಹೊರೆ ಹೊರಿಸಿ ನಿರಂತರದ ಕೆಲಸವನ್ನು ಹಗುರ ಮಾಡಿದ ಈ ತೀರ್ಮಾನ ನನಗೆ ಬಹಳ ಇಷ್ಟ. ಮೆಕೆನ್ನಿ, ಸರ್ಮಾ, ಸೋನಿ ಮೂವರೂ 2004ರ ಜನವರಿಯ ‘ಲಿನಕ್ಸ್ ಜರ್ನಲ್’ನಲ್ಲಿ ಇದನ್ನು ವಿವರಿಸಿದ್ದಾರೆ, ಹುಡುಕಿ ಓದಿ.

ಆದರೂ ಒಂದು ಕೊಸರು ಉಳಿದಿತ್ತು. ಬೀಗ ಹಿಡಿಯದಿದ್ದರೂ ಓದುಗ ಸಿಕ್ಕ ನಮೂದಿನ ಮೇಲೆ ‘ನಾನಿಲ್ಲಿದ್ದೇನೆ’ ಎಂದು ಒಂದು ಅಂಕಿ ಏರಿಸುತ್ತಿದ್ದ. ಮೂಲ ಫೋಲ್ಡರಿನ ಮೂಲಕ ಎಲ್ಲರೂ ಹಾದುಹೋಗಬೇಕು, ಎಲ್ಲ ಕೋರ್‌ಗಳೂ ಅದೇ ಅಂಕಿಗೆ ಮುಗಿಬೀಳುತ್ತಿದ್ದವು. ಅದೇ ಹಳೆಯ ಎಳೆದಾಟ, ಬೀಗದ ಹೆಸರಿಲ್ಲ ಅಷ್ಟೇ. ನಿಕ್ ಪಿಗಿನ್ ಅವರ ಕೆಲಸದಿಂದ 2011ರ 2.6.38ರಲ್ಲಿ ಅದೂ ಹೋಯಿತು. ಈಗ ಓದುಗ ದಾರಿಯುದ್ದಕ್ಕೂ ಹಂಚಿಕೊಂಡ ಮೆಮೊರಿಯಲ್ಲಿ ಏನನ್ನೂ ಬರೆಯದೆ ನಡೆಯುತ್ತಾನೆ. ನಡುವೆ ಏನೋ ಬದಲಾಯಿತೆಂದು ಕಂಡರೆ ಮಾತ್ರ ಹಳೆಯ, ನಿಧಾನದ ನಡಿಗೆಗೆ ಇಳಿಯುತ್ತಾನೆ.

ನಿಮ್ಮ ಪ್ರೋಗ್ರಾಮಿಗೆ ಇದರಿಂದ ನೇರ ಲಾಭವಿಲ್ಲ, ಏಕೆಂದರೆ ನಿಮ್ಮ ಥ್ರೆಡ್‌ಗಳು ಓದುತ್ತಿಲ್ಲ, ಬರೆಯುತ್ತಿವೆ. 2016ರ 4.7ರಿಂದ ಡಿ-ಕ್ಯಾಶ್‌ನಲ್ಲಿ ಸಿಗದ ಹೆಸರುಗಳನ್ನು ಒಂದೇ ಫೋಲ್ಡರಿನಲ್ಲಿ ಹುಡುಕುವವರೂ ಜೊತೆಜೊತೆಯಾಗಿ ಹುಡುಕಬಹುದು, ಸೃಷ್ಟಿಸುವವರು ಮಾತ್ರ ಈಗಲೂ ಸಾಲಿನಲ್ಲೇ. ಹಾಗಾಗಿ ಮೊದಲು ಪ್ರತಿ ಥ್ರೆಡ್‌ಗೂ ಬೇರೆ ಫೋಲ್ಡರ್ ಕೊಟ್ಟು ಅದೇ ಪ್ರಯೋಗ ಮಾಡಿ. ಆಮೇಲೆ ಎಲ್ಲರೂ ಒಂದೇ ಫೋಲ್ಡರಿನ ಫೈಲುಗಳನ್ನು ಬರೀ ಹುಡುಕುವಂತೆ ಬರೆದು ನೋಡಿ. ಎರಡಕ್ಕೂ ‘ಪರ್ಫ್ ಲಾಕ್’ ಎಂಬ ಸಾಧನ ಹಚ್ಚಿ, ಯಾವ ಬೀಗದ ಮುಂದೆ ಎಷ್ಟು ಹೊತ್ತು ಕಾದರೆಂಬ ಲೆಕ್ಕ ತೆಗೆಯಿರಿ. ಬೇರೆ ಫೋಲ್ಡರುಗಳಲ್ಲೂ ಹದಿನಾರಕ್ಕೆ ವೇಗ ಏರದಿದ್ದರೆ ಸಾಲು ಇನ್ನೂ ಕೆಳಗಿದೆ. ಫೈಲ್ ಸಿಸ್ಟಮ್ ತನ್ನ ಜರ್ನಲ್ ಬರೆಯುವ ಜಾಗದಲ್ಲಿ ಹುಡುಕಿ.