ಒಂದು ಬಕೆಟ್ ಬಿಸಿನೀರಿನ ಲೆಕ್ಕ

ಫ್ಯಾನ್ ರಾತ್ರಿಯಿಡೀ ತಿರುಗಿದರೆ "ಕರೆಂಟ್ ಸುಮ್ನೆ ಹೋಗ್ತಿದೆ" ಅಂತ ಗೊಣಗುತ್ತೇವೆ. ಬೆಳಿಗ್ಗೆ ಬಕೆಟ್‌ಗೆ ಹೀಟರ್ ಕಾಯಿಲ್ ಹಾಕಿದರೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಇವೆರಡರಲ್ಲಿ ವಿದ್ಯುತ್ ಹೆಚ್ಚು ತಿನ್ನುವುದು ಯಾವುದು? ಲೆಕ್ಕ ಹಾಕಿಯೇ ನೋಡೋಣ.

15 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು ಅಂದುಕೊಳ್ಳಿ. ಒಂದು ಕಿಲೋ ನೀರಿನ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು.

15 × 4.2 × 25 = 1575 ಕಿಲೋಜೂಲ್

ಒಂದು ಯೂನಿಟ್ ಅಂದರೆ 3600 ಕಿಲೋಜೂಲ್. ಹಾಗಾಗಿ ಒಂದು ಬಕೆಟ್‌ಗೆ ಸುಮಾರು 0.44 ಯೂನಿಟ್. 1500 ವ್ಯಾಟ್‌ನ ಕಾಯಿಲ್ ಇದನ್ನು ಹದಿನೇಳೂವರೆ ನಿಮಿಷದಲ್ಲಿ ಮುಗಿಸುತ್ತದೆ. ಇಷ್ಟೇ ವಿದ್ಯುತ್ತಿನಲ್ಲಿ 75 ವ್ಯಾಟ್‌ನ ಸೀಲಿಂಗ್ ಫ್ಯಾನ್ ಹೆಚ್ಚುಕಡಿಮೆ ಆರು ಗಂಟೆ ತಿರುಗುತ್ತದೆ! 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಆದರೆ ಹದಿನಾಲ್ಕು ಗಂಟೆಗೂ ಹೆಚ್ಚು.

ಹಾಗಾದರೆ ಕಾಯಿಲ್‌ನ ದಕ್ಷತೆ ಕಡಿಮೆಯೇ? ಅಲ್ಲ, ತಮಾಷೆ ಇರುವುದೇ ಇಲ್ಲಿ. ಕಾಯಿಲ್‌ನೊಳಗಿನ ತಂತಿಯ ರೋಧದಿಂದ ವಿದ್ಯುತ್ತೆಲ್ಲ ಶಾಖವಾಗುತ್ತದೆ. ದಕ್ಷತೆ ಬಹುತೇಕ ನೂರಕ್ಕೆ ನೂರು. ಫ್ಯಾನ್‌ನಲ್ಲಿ ಹಾಗಿಲ್ಲ. ವಿದ್ಯುತ್ತಿನಿಂದ ಕಾಂತಕ್ಷೇತ್ರ, ಅದರಿಂದ ತಿರುಗುವಿಕೆ, ಅದರಿಂದ ಗಾಳಿ. ದಾರಿಯಲ್ಲೇ ಒಂದಷ್ಟು ಶಕ್ತಿ ವೈಂಡಿಂಗ್ ಮತ್ತು ಕಬ್ಬಿಣದ ಕೋರ್‌ನಲ್ಲಿ ಶಾಖವಾಗಿ ಸೋರುತ್ತದೆ. ಬಿಎಲ್‌ಡಿಸಿ ಮೋಟಾರ್‌ನ ರೋಟರ್‌ನಲ್ಲಿ ಶಾಶ್ವತ ಅಯಸ್ಕಾಂತಗಳಿರುವುದರಿಂದ ಈ ಸೋರಿಕೆ ಕಡಿಮೆ.

ಅಂದಮೇಲೆ ನೂರಕ್ಕೆ ನೂರು ದಕ್ಷತೆಯ ಕಾಯಿಲ್ ಒಳ್ಳೆಯದೇ ಅಲ್ವಾ? ಪ್ಲಗ್‌ನಿಂದ ಈಚೆಗೆ ಮಾತ್ರ ನೋಡಿದರೆ ಹೌದು. ಸ್ವಲ್ಪ ಆಚೆಗೆ ಹೋಗಿ, ರಾಯಚೂರಿನ ಶಾಖೋತ್ಪನ್ನ ಸ್ಥಾವರವನ್ನು ನೆನಪಿಸಿಕೊಳ್ಳಿ. ಕಲ್ಲಿದ್ದಲು ಉರಿದು ಶಾಖ, ಶಾಖದಿಂದ ಹಬೆ, ಹಬೆಯಿಂದ ಟರ್ಬೈನ್, ಆಮೇಲೆ ವಿದ್ಯುತ್. ಇಂಥ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಶಕ್ತಿಯ ಸುಮಾರು ಮೂರನೇ ಒಂದು ಭಾಗ ಮಾತ್ರ ವಿದ್ಯುತ್ ಆಗುತ್ತದೆ. ಉಳಿದದ್ದು ಕೂಲಿಂಗ್ ಟವರ್, ಚಿಮಣಿಗಳ ಪಾಲು. ಶಾಖವನ್ನು ಅಷ್ಟು ಕಷ್ಟಪಟ್ಟು ವಿದ್ಯುತ್ ಮಾಡಿ, ತಂತಿಯಲ್ಲಿ ನೂರಾರು ಕಿಲೋಮೀಟರ್ ತಂದು, ನಾವು ಮತ್ತೆ ಶಾಖವನ್ನೇ ಮಾಡಿಕೊಳ್ಳುತ್ತೇವೆ. ಅದೂ 45 ಡಿಗ್ರಿಯ ಸಾಧಾರಣ ಶಾಖ!

ಥರ್ಮೋಡೈನಾಮಿಕ್ಸ್‌ನ ಎರಡನೇ ನಿಯಮ ಹೇಳುವುದೂ ಇದನ್ನೇ. ಶಕ್ತಿ ನಾಶವಾಗುವುದಿಲ್ಲ ನಿಜ, ಆದರೆ ಅದರ ಗುಣಮಟ್ಟ ಇಳಿಯುತ್ತದೆ. ವಿದ್ಯುತ್ ಮೇಲ್ದರ್ಜೆಯ ಶಕ್ತಿ: ಮೋಟಾರ್ ತಿರುಗಿಸಬಹುದು, ಬೆಳಕು ಕೊಡಬಹುದು, ಲ್ಯಾಪ್‌ಟಾಪ್ ನಡೆಸಬಹುದು. ಉಗುರುಬೆಚ್ಚಗಿನ ನೀರಿನಿಂದ ಸ್ನಾನ ಬಿಟ್ಟು ಹೆಚ್ಚಿನದೇನೂ ಆಗದು.

ಅದಕ್ಕೇ ನೀರು ಕಾಯಿಸುವ ಕೆಲಸವನ್ನು ಮಾಳಿಗೆಯ ಸೋಲಾರ್ ಹೀಟರ್‌ಗೆ ಬಿಡುವುದು ಜಾಣತನ. ಅಲ್ಲಿ ಬಿಸಿಲು ನೇರವಾಗಿ ಶಾಖವಾಗುತ್ತದೆ. ಹೀಟ್ ಪಂಪ್ ಕೂಡ ಒಳ್ಳೆಯ ದಾರಿ. ಅದು ಶಾಖವನ್ನು ತಯಾರಿಸುವ ಬದಲು ಹೊರಗಿನ ಗಾಳಿಯಿಂದ ಎತ್ತಿ ತರುತ್ತದೆ, ಹಾಗಾಗಿ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್‌ನಷ್ಟು ಶಾಖವೂ ಸಿಗಬಹುದು.

ಇನ್ನು ಮೇಲೆ ಯಾವುದೇ ಉಪಕರಣ ಕಂಡರೂ ಎರಡು ಪ್ರಶ್ನೆ ಕೇಳೋಣ: ಇದರ ದಕ್ಷತೆ ಎಷ್ಟು? ಈ ಕೆಲಸಕ್ಕೆ ವಿದ್ಯುತ್ತೇ ಬೇಕಾ? ಪರೀಕ್ಷೆಯಲ್ಲಿ ಮೊದಲನೆಯದಕ್ಕೆ ಅಂಕ ಸಿಗುತ್ತದೆ. ಒಳ್ಳೆಯ ವಿನ್ಯಾಸ ಶುರುವಾಗುವುದು ಎರಡನೆಯದರಿಂದ.